ಕೊನೆ ಕೇಳದ ನಾಟಕಕ್ಕೆ ಒಂಬತ್ತು ಕಾರ್ಡು

ಗಂಡಸರ ವಾರ್ಡಿಗೂ ಹೆಂಗಸರ ವಾರ್ಡಿಗೂ ನಡುವೆ ಇದ್ದದ್ದು ಬರೀ ಹಲಗೆಯ ಗೋಡೆ. ಹಲಗೆ ಒಣಗಿ ಸಂದು ಬಿಟ್ಟ ಕಡೆಯೆಲ್ಲ ಮಾತು ಸಲೀಸಾಗಿ ದಾಟುತ್ತಿತ್ತು. ಚಲುವಮ್ಮನ ಮಂಚ ಆ ಗೋಡೆಗೇ ಅಂಟಿಕೊಂಡಿತ್ತು. ಆಚೆ ಯಾರು ಕೆಮ್ಮಿದರು, ಯಾರು ನಿದ್ದೆಯಲ್ಲಿ ಕನವರಿಸಿದರು ಎನ್ನುವುದನ್ನು ಅವಳು ದನಿಯಲ್ಲೇ ಗುರುತು ಹಿಡಿಯುತ್ತಿದ್ದಳು. ಮುಖ ಮಾತ್ರ ಒಬ್ಬರದೂ ಗೊತ್ತಿರಲಿಲ್ಲ.

ಮಡಿಕೇರಿಯಿಂದ ಎರಡು ಮೈಲಿ ಆಚೆ ಗುಡ್ಡದ ನೆತ್ತಿಯ ಮೇಲಿದ್ದ ಕ್ಷಯದ ಆಸ್ಪತ್ರೆ ಅದು. ಚಲುವಮ್ಮ ಕುಶಾಲನಗರದ ಹತ್ತಿರದ ಹಳ್ಳಿಯವಳು. ಮಾವನ ಕಾಲದಲ್ಲಿ ಹಾಸನದ ಕಡೆಯಿಂದ ಬಂದು ನೆಲೆ ನಿಂತ ಒಕ್ಕಲು ಮನೆ. ಇಪ್ಪತ್ತಾರು ವರ್ಷ, ನಾಲ್ಕು ವರ್ಷದ ಹೆಣ್ಣು ಮಗು. ಎಂಟು ತಿಂಗಳ ಹಿಂದೆ ಗಂಡ ಸಣ್ಣಸ್ವಾಮಿ ಅವಳನ್ನು ಇಲ್ಲಿ ಸೇರಿಸಿದ್ದ. ಮೊದಲ ಮೂರು ತಿಂಗಳು ಭಾನುವಾರ ಬಿಟ್ಟು ಭಾನುವಾರ ಬರುತ್ತಿದ್ದ. ಕೊನೆಯ ಸಲ ಬಂದಾಗ ಅಂಗಳದಲ್ಲೇ, ಟವೆಲಿನ ಚುಂಗು ಮೂಗಿಗೆ ಹಿಡಿದು ನಿಂತು, ಹುರಿಗಡಲೆಯ ಪೊಟ್ಟಣವನ್ನು ಜಗಲಿಯ ತುದಿಯಲ್ಲಿಟ್ಟು ಹೋದವನು ಮತ್ತೆ ಮುಖ ಹಾಕಿರಲಿಲ್ಲ.

ಆಸ್ಪತ್ರೆಯಲ್ಲಿ ಕಟ್ಟುಪಾಡು ಬಹಳ. ಗೇಟು ದಾಟುವಂತಿಲ್ಲ. ಗಟ್ಟಿಯಾಗಿ ನಗುವಂತಿಲ್ಲ, ಶ್ವಾಸಕೋಶಕ್ಕೆ ಆಯಾಸ. ಬೆಳಿಗ್ಗೆ ಸೂಜಿ, ಮೂರು ಹೊತ್ತು ಕಹಿ ಪುಡಿ. ಮಧ್ಯಾಹ್ನ ಒಂದರಿಂದ ಮೂರರವರೆಗೆ ನಿದ್ದೆ ಬರಲಿ ಬಿಡಲಿ ಮಲಗಿರಲೇಬೇಕು. ಆ ಎರಡು ಗಂಟೆಯಲ್ಲಿ ಚಲುವಮ್ಮ ಸೂರಿನ ಹೆಂಚನ್ನು ಎಣಿಸಿ ಮುಗಿಸಿ, ಮತ್ತೆ ಮೊದಲಿಂದ ಎಣಿಸುತ್ತಿದ್ದಳು. ಭಾನುವಾರ ಮಾತ್ರ ಹಾಗಲ್ಲ. ಭಾನುವಾರ ಎರಡು ಗಂಟೆಗೆ ರೇಡಿಯೋದಲ್ಲಿ ನಾಟಕ.

ರೇಡಿಯೋ ಬೆಳ್ಯಪ್ಪನವರದು. ಅವರು ಪಟಾಲಂನಲ್ಲಿ ಹವಾಲ್ದಾರರಾಗಿ ನಿವೃತ್ತಿಯಾದವರು. ಕಾಯಿಲೆ ಬಂದಾಗ ಟ್ರಂಕು, ರಗ್ಗು, ರೇಡಿಯೋ ಮೂರನ್ನೂ ಹೊರಿಸಿಕೊಂಡು ಬಂದಿದ್ದರು. ಹೆಂಗಸರಿಗೂ ಕೇಳಲಿ ಎಂದು ನಾಟಕದ ಹೊತ್ತಿಗೆ ಅದನ್ನು ಗೋಡೆಯ ಕಡೆ ತಿರುಗಿಸುತ್ತಿದ್ದರು. ಕೇಳಿದ ಪ್ರತಿ ನಾಟಕದ ಹೆಸರನ್ನೂ ಒಂದು ನೋಟ್‌ಬುಕ್ಕಿನಲ್ಲಿ ಬರೆದು, ಪಕ್ಕದಲ್ಲಿ ಹತ್ತಕ್ಕೆ ಇಷ್ಟು ಅಂತ ಮಾರ್ಕು ಹಾಕುವುದು ಅವರ ಅಭ್ಯಾಸ. ಅವರ ಮಾರ್ಕಿಗೆ ತಕರಾರು ತೆಗೆಯುವುದು ಪಕ್ಕದ ಮಂಚದ ಮಾಯಿಲಪ್ಪನ ಅಭ್ಯಾಸ. ಮಾಯಿಲಪ್ಪ ಸಿದ್ದಾಪುರದ ಹತ್ತಿರದ ಒಂದು ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್. ನಗೆನಾಟಕ ಬಿಟ್ಟು ಬೇರೆಯದು ಅವನಿಗೆ ರುಚಿಸದು.

"ಹವಾಲ್ದಾರ್ರೇ, ನೀವು ಮಾರ್ಕ್ ಹಾಕೋದು ಫಿರಂಗಿ ಸದ್ದಿಗೆ, ನಾಟಕಕ್ಕಲ್ಲ" ಎನ್ನುತ್ತಿದ್ದ.

"ನೀನು ಹಾಕೋದು ಕಚಗುಳಿಗೆ" ಎನ್ನುತ್ತಿದ್ದರು ಬೆಳ್ಯಪ್ಪ.

ವಾರವೆಲ್ಲ ಇದೇ ಜಗಳ. ಈಚೆ ಹೆಂಗಸರು ಕೇಳಿಸಿಕೊಂಡು ಸೆರಗಿನಲ್ಲಿ ಬಾಯಿ ಮುಚ್ಚಿ ನಗುತ್ತಿದ್ದರು.

ಫೆಬ್ರವರಿಯ ಒಂದು ಭಾನುವಾರ, ನಾಟಕ ಮುಗಿದ ಮೇಲೆ ರೇಡಿಯೋದವರು ಒಂದು ಪ್ರಕಟಣೆ ಹೇಳಿದರು. ಇಲ್ಲಿಯವರೆಗೆ ಕೇಳಿದ ನಾಟಕಗಳಲ್ಲೆಲ್ಲ ಅತ್ಯಂತ ಶ್ರೇಷ್ಠ ಯಾವುದು ಎಂದು ಶ್ರೋತೃಗಳು ಕಾರ್ಡಿನಲ್ಲಿ ಬರೆದು ಕಳಿಸಬೇಕು, ಒಬ್ಬರಿಗೆ ಒಂದೇ ಕಾರ್ಡು. ಹೆಚ್ಚು ಕಾರ್ಡು ಬಂದ ನಾಟಕವನ್ನು ಬೇಸಗೆಯಲ್ಲಿ ಮತ್ತೆ ಪ್ರಸಾರ ಮಾಡುತ್ತಾರೆ.

ಮಾಯಿಲಪ್ಪನಿಗೆ ಲೆಕ್ಕಾಚಾರದ ಬುದ್ಧಿ. "ಹೆಂಗಸರು ನಾಲ್ಕು ಜನ, ನಾವು ಐದು ಜನ. ಒಬ್ಬೊಬ್ಬರು ಒಂದೊಂದು ಹೆಸರು ಬರೆದ್ರೆ ಒಂಬತ್ತು ಕಾರ್ಡೂ ನೀರಿಗೆ. ಒಂಬತ್ತಕ್ಕೂ ಒಂದೇ ಹೆಸರು ಬರೆಯೋಣ. ಯಾವುದು ಅಂತ ಮೊದಲು ತೀರ್ಮಾನ ಆಗಲಿ."

ತೀರ್ಮಾನಕ್ಕೆ ನಾಲ್ಕು ದಿನ ಹಿಡಿಯಿತು.

ಬೆಳ್ಯಪ್ಪನವರದು 'ಕೋಟೆಯ ಕೀಲಿಕೈ'. ಮುತ್ತಿಗೆ ಬಿದ್ದ ಕೋಟೆಯೊಳಗೆ ಕೀಲಿಕೈ ಕಾಯುವ ಮುದುಕನ ಕಥೆ. ನೋಟ್‌ಬುಕ್ಕಿನಲ್ಲಿ ಒಂಬತ್ತು ಮಾರ್ಕು ಪಡೆದಿದ್ದ ಒಂದೇ ನಾಟಕ. ಮಾಯಿಲಪ್ಪನದು 'ಶಾನುಭೋಗರ ಕೊಡೆ'. ಇಬ್ಬರೂ ತಂತಮ್ಮ ನಾಟಕದ ಮಾತುಗಳನ್ನು ಅಭಿನಯ ಮಾಡಿ ಹೇಳಿದರು. ಗಂಡಸರು ಎರಡು ಪಾಲಾದರು.

ಮೂರನೆಯ ದಿನ ಬೆಳ್ಯಪ್ಪ ಗೋಡೆಯನ್ನು ಬೆರಳಿನಲ್ಲಿ ತಟ್ಟಿ, "ಹೆಂಗಸರ ಅಭಿಪ್ರಾಯ ಏನು?" ಎಂದು ಕೇಳಿದರು.

ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿದರು. ಚಲುವಮ್ಮ ಎದ್ದು ಕೂತು, ಹಲಗೆಯ ಸಂದಿಗೆ ಬಾಯಿ ಹತ್ತಿರ ಮಾಡಿ ಹೇಳಿದಳು: "ನನ್ನ ಕೇಳಿದ್ರೆ 'ಬಾವಿಯ ಬಾಯಿ'."

ಆಚೆ ಬೆಳ್ಯಪ್ಪನವರ ನೋಟ್‌ಬುಕ್ಕು ಪಟ್ಟನೆ ಮುಚ್ಚಿಕೊಂಡಿತು.

ಆ ನಾಟಕವನ್ನು ಎಲ್ಲರೂ ಕೇಳಿದ್ದರು, ಮುಕ್ಕಾಲು ಪಾಲು. ದೀಪಾವಳಿ ಮುಗಿದ ಮರುವಾರ ಬಂದ ನಾಟಕ. ಬಾವಿ ತೋಡುವ ಮಲ್ಲ ಎನ್ನುವವನ ಮೇಲೆ ಮಣ್ಣು ಕುಸಿದು, ಕೆಳಗೆ ಸಿಕ್ಕಿಬೀಳುತ್ತಾನೆ. ಊರಿನವರು ಮಣ್ಣು ಎತ್ತುತ್ತಿರುತ್ತಾರೆ. ಹೆಂಡತಿ ಬಾವಿಯ ಬಾಯಲ್ಲಿ ಕೂತು ಅವನೊಡನೆ ಮಾತಾಡುತ್ತಲೇ ಇರುತ್ತಾಳೆ, ಮಾತು ನಿಂತರೆ ಅವನು ನಿದ್ದೆ ಹೋಗುತ್ತಾನೆಂದು. ನಾಟಕ ಮುಗಿಯಲು ಇನ್ನು ಹತ್ತು ನಿಮಿಷವಿದೆ ಎನ್ನುವಾಗ ಗಂಡಸರ ವಾರ್ಡಿನಲ್ಲಿ ಕಿಟಕಿಯ ಪಕ್ಕದ ನಾಗರಾಜು ಮೇಷ್ಟ್ರು ಕೆಮ್ಮಲು ಶುರು ಮಾಡಿದ್ದರು. ಕೆಮ್ಮಿನ ಹಿಂದೆ ರಕ್ತ. ಬೇಸಿನ್ನು, ಸಿಸ್ಟರ್, ಓಡಾಟ. ಯಾರೋ ರೇಡಿಯೋ ಆರಿಸಿದ್ದರು. ಹನ್ನೊಂದು ದಿನದ ಮೇಲೆ ಮೇಷ್ಟ್ರು ತೀರಿಕೊಂಡರು. ಅವರ ಹಾಸಿಗೆಯನ್ನು ಆಸ್ಪತ್ರೆಯ ಹಿಂದುಗಡೆ ಸುಟ್ಟಿದ್ದರು. ಆ ನಾಟಕದ ಹೆಸರನ್ನು ಆಮೇಲೆ ಯಾರೂ ಎತ್ತಿರಲಿಲ್ಲ.

"ಅದರ ಹೆಸರು ತೆಗೀಬೇಡಿ ಚಲುವಮ್ಮ" ಎಂದರು ಬೆಳ್ಯಪ್ಪ. ದನಿ ಗಡುಸಾಗಿತ್ತು.

"ಯಾಕೆ ತೆಗೀಬಾರದು? ನಾಟಕ ಏನು ತಪ್ಪು ಮಾಡ್ತು?"

"ಕೊನೆ ಕೇಳಿಲ್ಲ ನಾವು. ಕೊನೆ ಕೇಳದ ನಾಟಕಕ್ಕೆ ಶ್ರೇಷ್ಠ ಅಂತ ಹೇಗೆ ಬರೆಯೋದು? ಓಟದಲ್ಲಿ ಇನ್ನೂ ಗೆರೆ ಮುಟ್ಟದವನಿಗೆ ಕಪ್ ಕೊಟ್ಟ ಹಾಗೆ."

"ನಂಗೆ ಕಪ್ಪು ಪಪ್ಪು ಗೊತ್ತಿಲ್ಲ. ಒಂದ್ ಮಾತು ಹೇಳ್ತೀನಿ ಕೇಳಿ. ನಿಮ್ಮ ಕೋಟೆ ನಾಟಕದಲ್ಲಿ ಮೊದಲ್ನೇ ಗುಂಡು ಹಾರ್ದಾಗ್ಲೇ ಮುದುಕ ಸಾಯ್ತಾನೆ ಅಂತ ನಂಗೆ ತಿಳೀತು. ರೈಟರ್ ಅವರ ಕೊಡೆ ನಾಟಕದಲ್ಲಿ ಚೆನ್ನಾಗಿ ನಕ್ಕೆ, ಸಂಜೆ ಗಂಜಿ ಕುಡಿಯೋ ಹೊತ್ಗೆ ಮರ್ತೋಯ್ತು. ಇದ್ರಲ್ಲಿ ಆ ಮಲ್ಲ ಕೆಳಗಿಂದ ಕೇಳ್ತಾನಲ್ಲ, 'ಒಲೆ ಹಚ್ಚಿದ್ಯಾ?' ಅಂತ. ಅವಳು ಬೆಳಿಗ್ಗೆಯಿಂದ ಬಾವಿ ಬಾಯಿ ಬಿಟ್ಟು ಕದಲಿಲ್ಲ. ಆದ್ರೂ 'ಹಚ್ಚಿದೀನಿ, ಸಾರು ಕುದೀತಾ ಇದೆ' ಅಂತಾಳೆ. 'ಏನ್ ಸಾರು?' ಅಂತಾನೆ. 'ಹುರುಳಿಕಾಳು' ಅಂತಾಳೆ. ಅಷ್ಟೇ. ಅದನ್ನ ಬರೆದೋನು ಯಾರೋ ಏನೋ, ಅವನಿಗೆ ಎಲ್ಲಾ ಗೊತ್ತು. ನಾಕು ತಿಂಗಳಾಯ್ತು, ದಿನಾ ನೆನಪಾಗುತ್ತೆ ನಂಗೆ."

ಮಾಯಿಲಪ್ಪ ಮೆಲ್ಲಗೆ, "ಅದು ಗೆದ್ರೆ ಮತ್ತೆ ಹಾಕ್ತಾರೆ. ಕೊನೆ ಏನಾಯ್ತು ಅಂತ ತಿಳಿಯುತ್ತೆ" ಎಂದ.

"ಅದು ಬೇರೆ ವಿಷಯ" ಎಂದರು ಬೆಳ್ಯಪ್ಪ. "ಯಾವುದು ಶ್ರೇಷ್ಠ ಅಂತ ಕೇಳಿರೋದು ಅವರು. ಯಾವುದು ಕೇಳೋಕೆ ಆಸೆ ಅಂತಲ್ಲ."

"ನಂಗೆ ಎರಡೂ ಒಂದೇ ಹವಾಲ್ದಾರ್ರೇ" ಎಂದಳು ಚಲುವಮ್ಮ.

ಅಲ್ಲಿಯವರೆಗೆ ಸುಮ್ಮನೆ ಕಂಬಳಿ ಮಡಚುತ್ತಿದ್ದ ಗಂಗಮ್ಮ ತಿರುಗಿದರು. ಗಂಗಮ್ಮ ಪಕ್ಕದ ಮಂಚದವರು, ಭಾಗಮಂಡಲದ ಕಡೆಯ ಗೌಡರ ಮನೆಯವರು. ಐವತ್ತರ ಹತ್ತಿರ ವಯಸ್ಸು. ವಾರ್ಡಿನ ಹೆಂಗಸರಿಗೆಲ್ಲ ತಲೆ ಬಾಚುವುದು, ಬಟ್ಟೆ ಕುದಿಸುವುದು, ಹೊಸದಾಗಿ ಬಂದವರಿಗೆ ಸಮಾಧಾನ ಹೇಳುವುದು, ಎಲ್ಲ ಅವರೇ.

"ನಂಗೆ ಆ ನಾಟಕ ಬೇಡ" ಎಂದರು.

"ಯಾಕೆ ಗಂಗಕ್ಕ? ಅವತ್ತು ನೀವೇ ಅತ್ತಿದ್ರಿ."

"ಅತ್ತೆ. ಅದಕ್ಕೇ ಬೇಡ. ಈಗ ಅವ ಬಾವಿಲಿ ಇದ್ದಾನೆ, ಮಾತಾಡ್ತಾ ಇದ್ದಾನೆ. ಹಾಗೇ ಇರ್ಲಿ. ಕೊನೆ ಕೇಳಿ, ಅವ ಸತ್ತ ಅಂತಾದ್ರೆ ಅದನ್ನ ಇಟ್ಕಂಡ್ ನಾ ಇಲ್ಲಿ ಎಲ್ಲಿಗೆ ಹೋಗ್ಲಿ? ನಿಂಗೆ ಎಂತ, ನೀ ಹೋಗುವವಳು."

"ನೀವೂ ಹೋಗ್ತೀರಿ."

ಗಂಗಮ್ಮ ನಗಲೂ ಇಲ್ಲ, ಸಿಟ್ಟೂ ಮಾಡಲಿಲ್ಲ. "ನನ್ನ ಕಫದಲ್ಲಿ ಏನೂ ಇಲ್ಲ ಅಂತ ಡಾಕ್ಟರು ಬರ್ದು ಹದಿನಾಲ್ಕು ತಿಂಗ ಆತ್" ಎಂದರು. "ಕರ್ಕಂಡ್ ಹೋಗಕ್ಕೆ ಅಣ್ಣನೂ ಬಾತಿಲ್ಲೆ, ಯಾರೂ ಬಾತಿಲ್ಲೆ. ನಂಗೆ ಗೊತ್ತುಟ್ಟು, ಬರುವೊದೂ ಇಲ್ಲೆ."

ಎಂಟು ತಿಂಗಳು ಪಕ್ಕದಲ್ಲೇ ಮಲಗಿದ ಚಲುವಮ್ಮನಿಗೆ ಇದು ಗೊತ್ತಿರಲಿಲ್ಲ. ಗಂಗಕ್ಕನದು ಹಳೇ ಕಾಯಿಲೆ, ನಿಧಾನವಾಗಿ ವಾಸಿಯಾಗುವಂಥದ್ದು ಎಂದುಕೊಂಡಿದ್ದಳು. ಕಾಯಿಲೆ ಹೋದ ಮೇಲೂ ಇಲ್ಲೇ ಉಳಿಯಬಹುದು ಎನ್ನುವುದು ಅವಳಿಗೆ ಹೊಳೆದೇ ಇರಲಿಲ್ಲ.

ನಾಲ್ಕನೆಯ ದಿನ ಓಟು ಹಾಕುವುದೆಂದಾಯಿತು. ಎಲ್ಲರಿಗೂ ಓದುಬರಹ ಬರದ ಕಾರಣ ಮಾಯಿಲಪ್ಪನೇ ಉಪಾಯ ಹೇಳಿದ: ಕೋಟೆಗೆ ಕಾಫಿಬೀಜ, ಕೊಡೆಗೆ ಹುಣಸೆಬೀಜ, ಬಾವಿಗೆ ಒಂದು ಕಲ್ಲು. ಸಿಸ್ಟರ್ ಮೂರನ್ನೂ ಒಂದು ತಟ್ಟೆಯಲ್ಲಿಟ್ಟುಕೊಂಡು, ತಗಡಿನ ಡಬ್ಬಿ ಹಿಡಿದು ಮಂಚದಿಂದ ಮಂಚಕ್ಕೆ ಬಂದರು. ತ್ರಿಶೂರಿನ ಕಡೆಯವರು, ಇದೆಲ್ಲ ಹುಚ್ಚು ಎಂದು ಗೊಣಗುತ್ತಲೇ, ಯಾರು ಏನು ಹಾಕುತ್ತಾರೆಂದು ಇಣುಕಿ ನೋಡುತ್ತಿದ್ದರು.

ಬೆಳ್ಯಪ್ಪ ಡಬ್ಬಿಯನ್ನು ರಗ್ಗಿನ ಮೇಲೆ ಸುರಿದು ಗಟ್ಟಿಯಾಗಿ ಎಣಿಸಿದರು. ಕಾಫಿಬೀಜ ಮೂರು. ಹುಣಸೆಬೀಜ ಎರಡು. ಕಲ್ಲು ನಾಲ್ಕು.

ಮಾಯಿಲಪ್ಪ ಖೊಳ್ಳನೆ ನಕ್ಕ. "ನಾನೂ ಕಲ್ಲೇ ಹಾಕಿದ್ದು ಹವಾಲ್ದಾರ್ರೇ. ಆ ಸಾರಿನ ಮಾತು ಕೇಳಿದ ಮೇಲೆ ಕೊಡೆ ಹಿಡಿಯೋಕೆ ನಾಚಿಕೆ ಆಯ್ತು."

"ಸರಿ" ಎಂದರು ಬೆಳ್ಯಪ್ಪ. "ಆರ್ಡರ್ ಅಂದ್ರೆ ಆರ್ಡರ್."

ಒಂಬತ್ತು ಕಾರ್ಡನ್ನೂ ಅವರೇ ಬರೆದರು. ಎಲ್ಲದರಲ್ಲೂ ಒಂದೇ ನಾಟಕ, ಬೇರೆ ಬೇರೆ ಹೆಸರು. ಗಂಗಮ್ಮನ ಹೆಸರು ಹಾಕಲೇ ಎಂದು ಕೇಳಿದಾಗ ಅವರು, "ಹಾಕಿ. ಆದರೆ ಅದನ್ನ ಹಾಕುವ ಭಾನುವಾರ ನಾ ಬಟ್ಟೆ ಒಗೆಯಕ್ಕೆ ಹೋಗ್ತೆ" ಎಂದರು. ಸಿಸ್ಟರ್ ಕಾರ್ಡುಗಳನ್ನು ಬಿಸಿಲಿಗೆ ಒಣಹಾಕಿ, ಮಡಿಕೇರಿಗೆ ಹೋದಾಗ ಅಂಚೆಗೆ ಹಾಕಿದರು. ಈ ಗುಡ್ಡದಿಂದ ಹೊರಡುವ ಕಾಗದಕ್ಕೆಲ್ಲ ಮೊದಲು ಬಿಸಿಲು ಕಾಣಿಸಬೇಕಿತ್ತು.

ಆಮೇಲಿನ ಎರಡು ತಿಂಗಳು ಚಲುವಮ್ಮ ಹೆಂಚು ಎಣಿಸಲಿಲ್ಲ. ಆ ನಾಟಕಕ್ಕೆ ತಾನೇ ನೂರು ಕೊನೆ ಕಟ್ಟಿದಳು. ಕೆಲವು ದಿನ ಮಲ್ಲನನ್ನು ಹಗ್ಗ ಕಟ್ಟಿ ಎತ್ತಿದಳು. ಕೆಲವು ದಿನ ಎತ್ತಲಾಗಲಿಲ್ಲ. ಕಾಫಿ ಹೂ ಬಿಟ್ಟು, ಕೆಳಗಿನ ತೋಟದಿಂದ ಪರಿಮಳ ಮೇಲೆ ಬಂತು. ಮಾಯಿಲಪ್ಪ ಗುಣವಾಗಿ ಊರಿಗೆ ಹೋದ. ಹೋಗುವ ದಿನ ಗೋಡೆ ತಟ್ಟಿ, "ಏನಾದರೂ ಬೇಕಿದ್ರೆ ಕಾಗದ ಹಾಕಿಸಿ" ಎಂದು ಎಸ್ಟೇಟಿನ ವಿಳಾಸ ಹೇಳಿದ. ಹೆಂಗಸರು ನಕ್ಕರು. ಚಲುವಮ್ಮ ವಿಳಾಸವನ್ನು ಬಾಯಿಪಾಠ ಮಾಡಿಕೊಂಡಳು.

ಏಪ್ರಿಲ್ ಕೊನೆಯ ಭಾನುವಾರ ರೇಡಿಯೋದವರು ಫಲಿತಾಂಶ ಹೇಳಿದರು. ಗೆದ್ದದ್ದು 'ಕೋಟೆಯ ಕೀಲಿಕೈ'. ಎರಡನೆಯದು, ಮೂರನೆಯದು ಯಾವುವೋ ಬೇರೆ. 'ಬಾವಿಯ ಬಾಯಿ'ಯ ಹೆಸರೂ ಬರಲಿಲ್ಲ. ಮುಂದಿನ ಭಾನುವಾರ ಕೋಟೆ ಮತ್ತೆ ಪ್ರಸಾರವಾಯಿತು. ಫಿರಂಗಿ ಹಾರಿತು, ಮುದುಕ ಸತ್ತ. ಮುಗಿದ ಮೇಲೆ ಚಲುವಮ್ಮನೇ ಕೇಳಿದಳು: "ನಿಮ್ಮದು ಗೆಲ್ತಲ್ಲ ಹವಾಲ್ದಾರ್ರೇ. ಖುಷಿನಾ?"

"ಮೊದಲು ಒಂಬತ್ತು ಕೊಟ್ಟಿದ್ದೆ" ಎಂದರು ಬೆಳ್ಯಪ್ಪ. "ಇವತ್ತು ಆರೂವರೆ. ಅದೇ ನಾಟಕ, ಅದೇ ಜನ. ಕಿವಿ ಕೆಟ್ಟಿತೋ ಏನೋ ನಂದು."

ಮೇ ಮೊದಲ ವಾರ, ಮೂರನೆಯ ಸಲ ಪರೀಕ್ಷೆ ಮಾಡಿದ ಮೇಲೆ ಡಾಕ್ಟರು ಚಲುವಮ್ಮನಿಗೆ, "ನಿನಗೆ ಗುಣವಾಗಿದೆ. ಮಾತ್ರೆ ಮಾತ್ರ ವರ್ಷಪೂರ್ತಿ ನುಂಗಬೇಕು. ಮನೆಯವರನ್ನು ಕರೆಸು, ರುಜು ಹಾಕಿ ಕರೆದುಕೊಂಡು ಹೋಗಲಿ" ಎಂದರು. ಬೆಳ್ಯಪ್ಪ ಸಣ್ಣಸ್ವಾಮಿಗೆ ಕಾಗದ ಬರೆದರು. ಒಂದು ಭಾನುವಾರ ಹೋಯಿತು, ಎರಡು ಹೋಯಿತು, ಮೂರೂ ಹೋಯಿತು. ಪ್ರತಿ ಭಾನುವಾರ ಮೂರು ಗಂಟೆಗೆ ಚಲುವಮ್ಮ ಜಡೆ ಹಾಕಿಕೊಂಡು ಜಗಲಿಯಲ್ಲಿ ಕೂರುತ್ತಿದ್ದಳು. ಐದಕ್ಕೆ ಭೇಟಿಯ ಹೊತ್ತು ಮುಗಿದು ಗಂಟೆ ಹೊಡೆದಾಗ ಒಳಗೆ ಬರುತ್ತಿದ್ದಳು. ಮೂರನೆಯ ಭಾನುವಾರ ಗಂಗಮ್ಮ ಬಟ್ಟೆ ಕುದಿಸುವ ಒಲೆಯ ಹತ್ತಿರ ಸರಿದು, ಇನ್ನೊಬ್ಬರಿಗೆ ಜಾಗ ಮಾಡಿಕೊಟ್ಟರು. ಚಲುವಮ್ಮ ಆ ಜಾಗವನ್ನು ನೋಡಿದಳು, ಕೂರಲಿಲ್ಲ. ನೆಟ್ಟಗೆ ಹೋಗಿ ಗೋಡೆ ತಟ್ಟಿ, "ಇನ್ನೆರಡು ಕಾಗದ ಬರೀಬೇಕು" ಎಂದಳು. ಒಂದು ಗಂಡನಿಗೆ, ಒಂದು ಮಾಯಿಲಪ್ಪನಿಗೆ.

ಗಂಡನ ಕಾಗದದಲ್ಲಿ ಅವಳು ಬರೆಸಿದ್ದು ಇಷ್ಟೇ: ನನ್ನನ್ನು ಮನೆಗೆ ಕರೆದುಕೊಂಡು ಹೋಗಬೇಡ. ಬಂದು ರುಜು ಮಾತ್ರ ಹಾಕು.

ಅದಕ್ಕೆ ಅವನು ಬಂದ.

ಅಂಗಳದ ಸಿಲ್ವರ್ ಓಕ್ ಮರದ ಬುಡದಲ್ಲಿ ನಿಂತಿದ್ದ. ಸೊರಗಿಹೋಗಿದ್ದ. ಟವೆಲು ಮೂಗಿಗೆ ಹಿಡಿದಿರಲಿಲ್ಲ, ಕೈಯಲ್ಲಿ ಹಿಂಡುತ್ತಿದ್ದ.

"ಅವ್ವ ಒಪ್ಪಾಕಿಲ್ಲ ಕಣೆ" ಎಂದ. "ಮನೇಲಿ ಮಗು ಅದೆ. ಊರೋರೂ ಒಂಥರಾ ಮಾತಾಡ್ತಾರೆ. ಇಲ್ಲಿ ಊಟ ಕೊಡ್ತಾರೆ, ಔಸ್ದಿ ಕೊಡ್ತಾರೆ. ಇನ್ನೊಂದು ವರ್ಸ ಇದ್ಬುಡು."

"ಮಗೀಗೆ ನಾನೆಲ್ಲಿ ಅಂತ ಹೇಳಿದ್ದೀಯ?"

ಅವನು ನೆಲ ನೋಡಿದ. "ಹಾಸನಕ್ಕೆ ಹೋಗವ್ಳೆ ಅಂತ."

ಚಲುವಮ್ಮನಿಗೆ ಅಳು ಉಕ್ಕಿ ಬಂತು. ಅತ್ತರೆ ಕೆಮ್ಮು ಬರುತ್ತದೆ, ಕೆಮ್ಮಿದರೆ ಅವನು ಹೆದರಿ ರುಜು ಹಾಕದೆ ಹೋಗುತ್ತಾನೆ ಎಂದು ನುಂಗಿಕೊಂಡಳು. "ಒಳಗೆ ಬಾ. ಕಾಗದ ಮೇಜಿನ ಮೇಲೆ ಅದೆ" ಎಂದಳು.

"ಎಲ್ಲಿಗೆ ಹೋಗ್ತೀಯ ನೀನು?"

"ಸಿದ್ದಾಪುರದ ಕಡೆ ಒಂದು ಎಸ್ಟೇಟಿಗೆ. ನರ್ಸರಿಯಲ್ಲಿ ಬುಟ್ಟಿಗೆ ಮಣ್ಣು ತುಂಬೋ ಕೆಲಸ. ಕೂತು ಮಾಡೋದು. ಕೂಲಿಗಳ ಲೈನಲ್ಲಿ ಒಂದು ಕೋಣೆ ಕೊಡ್ತಾರೆ. ಮಳೆ ಕಳೆದ ಮೇಲೆ ಸಂತೆ ದಿನ ಕುಶಾಲನಗರಕ್ಕೆ ಬತ್ತೀನಿ. ಮಗೀನ ಕರ್ಕೊಂಡ್ ಬಾ. ದೂರದಲ್ಲೇ ನಿಲ್ಸು, ಪರವಾಗಿಲ್ಲ."

ಅವನು ಹೂಂ ಎಂದ. ಕರೆದುಕೊಂಡು ಬರುತ್ತಾನೋ ಇಲ್ಲವೋ ಆ ಹೂಂಕಾರದಲ್ಲಿ ತಿಳಿಯಲಿಲ್ಲ. ಗುಮಾಸ್ತರು ಫಾರಂ ಮುಂದಿಟ್ಟರು. ಹಳೇ ಕೊಡಗು ರಾಜ್ಯದ ಕಾಲದ್ದು, ಮೇಲೆ ಶಾಯಿಯಲ್ಲಿ ಹೊಡೆದು ಮೈಸೂರು ರಾಜ್ಯ ಎಂದು ಬರೆದಿತ್ತು. 'ರೋಗಿಯನ್ನು ನನ್ನ ಜವಾಬ್ದಾರಿಗೆ ಒಪ್ಪಿಸಿಕೊಂಡಿದ್ದೇನೆ' ಎನ್ನುವ ಸಾಲಿನ ಕೆಳಗೆ ಸಣ್ಣಸ್ವಾಮಿ ನಿಧಾನವಾಗಿ ಅಕ್ಷರ ಕೂಡಿಸಿ ರುಜು ಹಾಕಿದ. ಹಾಕಿ, ಬೆವರು ಒರೆಸಿಕೊಂಡು, ಅವಳಿಗಿಂತ ಮೊದಲೇ ಗುಡ್ಡ ಇಳಿದು ಹೋದ.

ಮಾರನೆಯ ದಿನ ಬೆಳಿಗ್ಗೆ ಚಲುವಮ್ಮ ಹೊರಟಳು. ಬೆಳ್ಯಪ್ಪ ಗಂಡಸರ ವಾರ್ಡಿನ ಬಾಗಿಲವರೆಗೆ ಎದ್ದು ಬಂದಿದ್ದರು. ಆ ದಪ್ಪ ದನಿಗೆ ಆಳು ಇನ್ನಷ್ಟು ಎತ್ತರ ಇರಬಹುದೆಂದು ಅವಳು ಎಣಿಸಿದ್ದಳು. ನೋಡಿದರೆ ಸಣಕಲು ಮುದುಕರು, ಕೋಟಿನೊಳಗೆ ಎಲ್ಲೋ ಇದ್ದರು. ಗೋಡೆ ಇಲ್ಲದೆ ಅವರೊಡನೆ ಮಾತಾಡಿ ಅವಳಿಗೆ ಅಭ್ಯಾಸವಿರಲಿಲ್ಲ. "ಮಾತ್ರೆ ಬಿಡಬೇಡಮ್ಮ" ಎಂದರು ಕೊನೆಗೆ. ಅವಳು ಕೈ ಮುಗಿದಳು.

ಗಂಗಮ್ಮ ಗೇಟಿನವರೆಗೆ ಬಂದರು. "ನಿಮಗೂ ಒಂದು ಕೆಲಸ ಕೇಳ್ತೀನಿ ಗಂಗಕ್ಕ. ನಿಮ್ಮ ಅಣ್ಣಯ್ಯನಿಗೆ ಬರೆದು ರುಜು ತರಿಸ್ಕೊಳಿ" ಎಂದಳು ಚಲುವಮ್ಮ.

ಗಂಗಮ್ಮ ತಲೆಯಾಡಿಸಿದರು. ಬೇಡ ಎಂದೋ, ನೋಡೋಣ ಎಂದೋ. "ಬಸ್ಸು ತಪ್ಪುತ್ತೆ, ಹೋಗು" ಎಂದರು. ಗೇಟಿನ ಒಳಗಡೆಯೇ ನಿಂತರು.

ಸಿದ್ದಾಪುರದ ಬಸ್ಸು ತುಂಬಿತ್ತು. ತೋಟದ ಕೆಲಸದ ಹೆಂಗಸೊಬ್ಬಳು ಸರಿದು ಜಾಗ ಕೊಟ್ಟು, ತೊಡೆಯ ಮೇಲಿದ್ದ ಕೂಸನ್ನು ಇಬ್ಬರ ನಡುವೆ ಕೂರಿಸಿಕೊಂಡು, ತಮಿಳು ಬೆರೆತ ಕನ್ನಡದಲ್ಲಿ, "ಎಲ್ಲಿಂದ ಬರ್ತಾ ಇದ್ದೀಂಗ ಅಕ್ಕಾ?" ಎಂದು ಕೇಳಿದಳು.

"ತಮ್ಮನ ಮನೆಯಿಂದ" ಎಂದಳು ಚಲುವಮ್ಮ. ಹೇಳಿದ ಮೇಲೆ, ಇನ್ನು ಮುಂದೆ ಯಾರು ಕೇಳಿದರೂ ಇದನ್ನೇ ಹೇಳಬೇಕಾಗುತ್ತದೆಂದು ಹೊಳೆಯಿತು. ಮಾಯಿಲಪ್ಪನೂ ಕಾಗದದಲ್ಲಿ ಬರೆದಿದ್ದ: ಲೈನಿನವರಿಗೆ ಆಸ್ಪತ್ರೆಯ ಸುದ್ದಿ ತಿಳಿಯಬಾರದು, ನನ್ನದೂ ಅಲ್ಲಿ ಯಾರಿಗೂ ಗೊತ್ತಿಲ್ಲ.

ಮಳೆ ಇನ್ನೂ ಹಿಡಿದಿರಲಿಲ್ಲ. ಮಡಿಕೇರಿ ದಾಟಿದ ಮೇಲೆ ರಸ್ತೆ ಕೆಟ್ಟಿತ್ತು. ಮುಂದೆ ಹೋಗುತ್ತಿದ್ದ ಲಾರಿಯ ಕೆಂಪು ಧೂಳು ಕಿಟಕಿಯಲ್ಲಿ ನುಗ್ಗಿ ಬಂತು. ಮುಂದಿನ ಸೀಟಿನವನು ಕೆಮ್ಮಿದ, ಕಂಡಕ್ಟರ್ ಕೆಮ್ಮಿದ; ಕೂಸು ಸೀನಿತು, ಅದರ ತಾಯಿ ನಕ್ಕಳು. ಚಲುವಮ್ಮನ ಗಂಟಲಲ್ಲೂ ಕೆರೆತ ಎದ್ದಿತು. ಅವಳು ಸೆರಗು ಬಾಯಿಗೆ ತರಲಿಲ್ಲ. ಸೆರಗು ತಂದರೆ ನೋಡುವವರಿಗೆ ಅನುಮಾನ. ಹಲ್ಲು ಕಚ್ಚಿ, ಮೂಗಿನಲ್ಲಿ ಇಷ್ಟಿಷ್ಟೇ ಉಸಿರು ಎಳೆದುಕೊಂಡು, ಮುಂದಿನ ಸೀಟಿನ ಕಂಬಿಯನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದುಕೊಂಡಳು. ಕಣ್ಣಲ್ಲಿ ನೀರು ತುಂಬಿತು. ಸಿದ್ದಾಪುರಕ್ಕೆ ಇನ್ನೂ ಹದಿನೈದು ಮೈಲಿ ಇತ್ತು.